ಎದೆ ಕಾಯುವ ಬಳಗ

ಹೊರದೇಶಕ್ಕೆ ಹೋಗಿ ನೆಲೆಸಿದವರ ಆರೋಗ್ಯದ ಮಾತು ಬಂದಾಗಲೆಲ್ಲ ನಮ್ಮ ಕಣ್ಣು ಊಟದ ತಟ್ಟೆಯ ಮೇಲೆ. ಮುದ್ದೆ ಬಿಟ್ಟರು, ಪಿಜ್ಜಾ ಹಿಡಿದರು, ಸಕ್ಕರೆ ಕಾಯಿಲೆ ಬಂತು ಎಂದು ಮಾತು ಮುಗಿಸಿಬಿಡುತ್ತೇವೆ. ಆದರೆ ಈ ವಿವರಣೆ ಸಾಲದು ಎಂಬುದಕ್ಕೆ ಹಳೆಯದೊಂದು ಸಾಕ್ಷ್ಯವಿದೆ.

1960ರ ದಶಕದ ನಡುವಿನಲ್ಲಿ ಸಂಶೋಧಕರು ಜಪಾನಿ ಗಂಡಸರನ್ನು ಮೂರು ಕಡೆ ಪರೀಕ್ಷಿಸತೊಡಗಿದರು: ಹಿರೋಶಿಮಾ-ನಾಗಸಾಕಿ, ಹವಾಯಿಯ ಹೊನಲುಲು, ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಆಸುಪಾಸು. ಹೃದಯರೋಗ ಜಪಾನಿನಲ್ಲಿ ತೀರಾ ಕಡಿಮೆ, ಹವಾಯಿಯಲ್ಲಿ ಹೆಚ್ಚು, ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಹೆಚ್ಚು. ಇಷ್ಟನ್ನು ಯಾರಾದರೂ ಊಹಿಸಬಹುದಿತ್ತು. 1976ರಲ್ಲಿ ಮೈಕೆಲ್ ಮಾರ್ಮಟ್ ಮತ್ತು ಲಿಯೊನಾರ್ಡ್ ಸೈಮ್ ಕ್ಯಾಲಿಫೋರ್ನಿಯಾದ 3,809 ಮಂದಿಯ ವಿವರ ಪ್ರಕಟಿಸಿದಾಗ ಹೊಸ ಸಂಗತಿ ಹೊರಬಿತ್ತು. ಜಪಾನಿ ರೀತಿನೀತಿಯಲ್ಲಿ ಬೆಳೆದು, ತಮ್ಮವರೊಂದಿಗೆ ಒಡನಾಟ ಉಳಿಸಿಕೊಂಡವರಲ್ಲಿ ಹೃದಯರೋಗ ಜಪಾನಿನಷ್ಟೇ ಕಡಿಮೆಯಿತ್ತು. ಅಮೆರಿಕದ ಬದುಕಿಗೆ ಪೂರ್ತಿ ಒಗ್ಗಿದವರಲ್ಲಿ ಅದು ಮೂರರಿಂದ ಐದು ಪಟ್ಟು. ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಈ ಅಂತರ ಕರಗಲಿಲ್ಲ. ಕಷ್ಟಸುಖಕ್ಕೆ ಒದಗುವ ಬಳಗವೇ ಅವರ ಎದೆಯನ್ನು ಕಾಯುತ್ತಿದ್ದಿರಬೇಕು ಎಂಬುದು ಸಂಶೋಧಕರ ತರ್ಕ. ಹವಾಯಿಯ ಮುಂದಿನ ಅಧ್ಯಯನದಲ್ಲಿ ಚಿತ್ರ ಇಷ್ಟು ನಿಚ್ಚಳವಾಗಿರಲಿಲ್ಲ. ಆದರೂ ಬಳಗದ ಪ್ರಶ್ನೆಯನ್ನು ಬದಿಗೆ ಸರಿಸಲಾಗದು.

ನಮ್ಮವರ ವಿಷಯಕ್ಕೆ ಇದನ್ನು ಹಾಗೇ ಅನ್ವಯಿಸುವುದು ತಪ್ಪು. ಮಧುಮೇಹ, ಹೃದಯರೋಗ ನಮಗೆ ಊರಿನಲ್ಲೇ ಹೆಚ್ಚು. ಸಣಕಲರಂತೆ ಕಂಡರೂ ನಮ್ಮ ಹೊಟ್ಟೆಯ ಸುತ್ತ ಕೊಬ್ಬು ಬೇಗ ಕೂಡುತ್ತದೆ. ಮೂರು ಹೊತ್ತು ಅನ್ನ ಉಣ್ಣುತ್ತ, ಹಬ್ಬಕ್ಕೊಂದು ಹೋಳಿಗೆ ಊಟ ಹಾಕಿಸಿ, ಸಂಸ್ಕೃತಿ ಉಳಿಯಿತು, ಆರೋಗ್ಯವೂ ಉಳಿದೀತು ಎಂದುಕೊಂಡರೆ ಆಗದು. ಜಪಾನಿಯರಿಂದ ನಾವು ಕಲಿಯಬೇಕಾದದ್ದು ಒಡನಾಟವನ್ನು.

ಆ ಒಡನಾಟ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಬಾಣಂತನಕ್ಕೆಂದು ಹೋಗಿ, ಮೊಮ್ಮಗುವಿಗಾಗಿ ಅಲ್ಲೇ ಉಳಿದುಬಿಡುವ ಅಜ್ಜ ಅಜ್ಜಿಯರಿಗೆ. ಕಾರು ಓಡಿಸಲು ಬಾರದು, ಬಸ್ಸಿಲ್ಲ, ಹಗಲೆಲ್ಲ ಮನೆಯಲ್ಲಿ ಮಾತಿಗೆ ದೊಡ್ಡವರಿಲ್ಲ. ವೈದ್ಯರ ಮುಂದೆ ಮಗನೋ ಸೊಸೆಯೋ ದುಭಾಷಿ. ನಿದ್ದೆ ಬಾರದ್ದನ್ನು, ಎದೆ ಭಾರವಾಗುವುದನ್ನು ಅವರ ಎದುರಿಗೆ ಹೇಳಿಕೊಳ್ಳಲು ಆ ಜೀವಗಳಿಗೆ ಸಂಕೋಚ. ಮಕ್ಕಳಿಗೆ ಹೊರೆಯಾದೇವೆಂಬ ಭಯ. ನಾವು ಕಂಡಂತೆ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳನ್ನು ಪ್ರೀತಿಯಿಂದ, ಶ್ರಮವಹಿಸಿ ನಡೆಸುತ್ತವೆ. ಅದೇ ಕೂಟಗಳು ವಾರಕ್ಕೊಂದು ಹಗಲು ಈ ಹಿರಿಯರನ್ನು ಕಾರಿನಲ್ಲಿ ಕರೆತಂದು, ಒಂದಿಷ್ಟು ನಡೆಸಿ, ಹರಟೆಗೆ ಕೂರಿಸಲಿ. ಕನ್ನಡ ಬಲ್ಲ ವೈದ್ಯರು, ದಾದಿಯರು ಅಲ್ಲಿನ ಹಲವು ನಗರಗಳಲ್ಲಿದ್ದಾರೆ. ತಿಂಗಳಿಗೊಮ್ಮೆ ಅವರೂ ಬಂದು ಪಕ್ಕದಲ್ಲಿ ಕುಳಿತು, ಮಕ್ಕಳಿಲ್ಲದ ಹೊತ್ತಿನಲ್ಲಿ, ಹೇಗಿದ್ದೀರಿ ಎಂದು ಕೇಳಲಿ.