ಮುಟ್ಟು ತಡವಾದರೆ ಬೈಯಬೇಡಿ, ಕೇಳಿ

2025ರ ಆಗಸ್ಟ್ ಕೊನೆಯಲ್ಲಿ ನಮ್ಮ ಶಹಾಪುರದ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂತು. ಬರಬಾರದ ಕಾರಣಕ್ಕೆ ಬಂತು. ಸರ್ಕಾರಿ ವಸತಿ ಶಾಲೆಯೊಂದರ ಒಂಬತ್ತನೇ ತರಗತಿ ಹುಡುಗಿ ಶೌಚಾಲಯದಲ್ಲಿ ಮಗುವನ್ನು ಹೆತ್ತಳು. ಪೋಕ್ಸೊ ಪ್ರಕರಣ ದಾಖಲಾಯಿತು, ಪ್ರಾಂಶುಪಾಲರೂ ಸೇರಿ ಸಿಬ್ಬಂದಿ ಅಮಾನತಾದರು. 2024ರ ಜನವರಿಯಲ್ಲಿ ಬಾಗೇಪಲ್ಲಿಯ ಹಾಸ್ಟೆಲ್ ಹುಡುಗಿಯೊಬ್ಬಳಿಗೂ ಹೀಗೇ ಹೆರಿಗೆಯಾಗಿತ್ತು. ಅವಳದೂ ಒಂಬತ್ತನೇ ತರಗತಿ.

ಶಹಾಪುರದಲ್ಲಿರಲಿ, ಪಕ್ಕದ ಗೋಗಿಯಲ್ಲಿರಲಿ, ಹೆಂಗಸರೆಲ್ಲ ಕೇಳಿದ್ದು ಒಂದೇ ಮಾತು: “ಅಷ್ಟು ತಿಂಗಳು ಯಾರಿಗೂ ಗೊತ್ತಾಗಲಿಲ್ವಾ?” ಸಿಬ್ಬಂದಿಯ ತಪ್ಪನ್ನು ತನಿಖೆ ಹೇಳಲಿ. ಆದರೆ ಈ ಪ್ರಶ್ನೆ ನಮ್ಮ ಮನೆಗಳಿಗೂ ಸೇರಿದ್ದು. ಮಗಳ ಮುಟ್ಟು ತಡವಾದರೆ ನಾವು ಮಾಡುವುದು ಎರಡೇ. ಒಂದೋ “ಈ ವಯಸ್ಸಿನಾಗ ಹಂಗ ಆಗ್ತದ ಬಿಡು” ಅಂತ ಸುಮ್ಮನಾಗುತ್ತೇವೆ, ಇಲ್ಲವೇ “ಏನ್ ಮಾಡ್ಕೊಂಡು ಬಂದೀ?” ಅಂತ ಗದರುತ್ತೇವೆ. ಎರಡರಿಂದಲೂ ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಕಾರಣಗಳು ಹಲವು

ಮೈನೆರೆದ ಮೊದಲ ಒಂದೆರಡು ವರ್ಷ ಮುಟ್ಟು ಏರುಪೇರಾಗುವುದು ಸಹಜ. 45 ದಿನಕ್ಕೊಮ್ಮೆ ಆದರೂ ಗಾಬರಿ ಬೇಡ. ದೊಡ್ಡವರಲ್ಲಿ 21ರಿಂದ 35 ದಿನದ ಅಂತರ ಸರಿಯಾದದ್ದು. ಪರೀಕ್ಷೆಯ ಒತ್ತಡ, ಜ್ವರ, ಒಮ್ಮೆಲೇ ತೂಕ ಇಳಿಯುವುದು ಅಥವಾ ಏರುವುದು, ಥೈರಾಯ್ಡ್, ಪಿಸಿಓಡಿ ಇವೆಲ್ಲ ಮುಟ್ಟನ್ನು ಮುಂದೂಡುತ್ತವೆ. ಮೊಲೆಯುಣಿಸುವ ತಾಯಂದಿರಿಗೆ, ಗರ್ಭನಿರೋಧಕ ಚುಚ್ಚುಮದ್ದು ತೆಗೆದುಕೊಳ್ಳುವವರಿಗೆ ಮುಟ್ಟು ನಿಲ್ಲಬಹುದು. ನಲವತ್ತು ದಾಟಿದವರಿಗೆ ಮುಟ್ಟು ನಿಲ್ಲುವ ಕಾಲ ಹತ್ತಿರವಾದ ಸೂಚನೆಯೂ ಇರಬಹುದು.

ಆದರೂ ಮೊದಲು ನೋಡಬೇಕಾದ್ದು ಗರ್ಭವೇ. ಮದುವೆಯಾದವರಾಗಲಿ, ಆಗದವರಾಗಲಿ, ವೈದ್ಯರು ಇದನ್ನು ಕೇಳಿದರೆ ಅವಮಾನ ಎಂದುಕೊಳ್ಳಬೇಡಿ.

ಏನು ಮಾಡಬೇಕು?

* ಕ್ಯಾಲೆಂಡರ್‌ನಲ್ಲಿ ದಿನಾಂಕ ಗುರುತು ಹಾಕಿ. ಮಗಳಿಗೂ ಕಲಿಸಿ. ಹಾಸ್ಟೆಲ್‌ನಲ್ಲಿದ್ದರೆ ಫೋನ್ ಮಾಡಿದಾಗ “ಊಟ ಆಯ್ತಾ?” ಅಂದಷ್ಟೇ ಸಲೀಸಾಗಿ ಇದನ್ನೂ ಕೇಳಿ.
* ದಿನ ದಾಟಿ ಒಂದು ವಾರವಾದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆಯರ ಬಳಿ ಕಿಟ್ ಕೇಳಿ ನೋಡಿ.
* ಪಪ್ಪಾಯಿ, ಎಳ್ಳು ತಿಂದು ಕಾಯುತ್ತಾ ಕೂರಬೇಡಿ. ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗುವುದಂತೂ ಅಪಾಯ.
* ಮೂರು ತಿಂಗಳು ಮುಟ್ಟಾಗದಿದ್ದರೆ, 15 ವರ್ಷವಾದರೂ ಮೈನೆರೆಯದಿದ್ದರೆ ವೈದ್ಯರನ್ನು ಕಾಣಿ.
* ಮುಟ್ಟು ತಡವಾಗಿ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ತಲೆಸುತ್ತು, ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಗರ್ಭನಾಳದಲ್ಲಿ ಗರ್ಭ ನಿಂತಿದ್ದರೆ ಜೀವಕ್ಕೇ ಅಪಾಯ.

ವಾರಗಳ ಲೆಕ್ಕ

ಹದಿನೆಂಟು ತುಂಬದ ಹುಡುಗಿಯ ‘ಒಪ್ಪಿಗೆ’ಯನ್ನು ಕಾನೂನು ಒಪ್ಪುವುದಿಲ್ಲ. ಅವಳು ಅನ್ಯಾಯಕ್ಕೆ ಒಳಗಾದವಳೇ ಹೊರತು ಅಪರಾಧಿಯಲ್ಲ. 2021ರ ತಿದ್ದುಪಡಿಯ ನಂತರ ಅಪ್ರಾಪ್ತೆಯರಿಗೆ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಪೋಷಕರ ಒಪ್ಪಿಗೆ ಬೇಕು. ಅಂದರೆ ಎರಡನೇ ತಿಂಗಳಲ್ಲೇ ಗೊತ್ತಾದರೆ ದಾರಿಗಳಿವೆ. ಏಳನೇ ತಿಂಗಳಲ್ಲಿ ಗೊತ್ತಾದರೆ ಬಹುತೇಕ ಬಾಗಿಲುಗಳು ಮುಚ್ಚಿರುತ್ತವೆ. ಮನೆಯಲ್ಲಿ ಹೇಳಲಾಗದ ಮಕ್ಕಳಿಗೆ 1098 ಸಹಾಯವಾಣಿ ಇದೆ ಎಂಬುದನ್ನೂ ತಿಳಿಸಿ.

ಶಾಲೆಯ ಪೋಷಕರ ಸಭೆಗೆ ಹೋದಾಗ ಅಂಕಗಳ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ಇಲ್ಲಿ ಹೆಣ್ಣುಮಕ್ಕಳ ಆರೋಗ್ಯ ವಿಚಾರಿಸುವವರು ಯಾರು, ಎಷ್ಟು ದಿನಕ್ಕೊಮ್ಮೆ? ಸಿಬ್ಬಂದಿಯ ಅಮಾನತು ಮಗು ಹುಟ್ಟಿದ ಮೇಲೆ ಆಗುವಂಥದ್ದು. ಈ ಪ್ರಶ್ನೆ ಮೊದಲೇ ಕೇಳುವಂಥದ್ದು.