ಇಳಿಯುವ ಹೊತ್ತಿನ ಅಳು
ವಿಮಾನ ಇಳಿಯತೊಡಗಿದಾಗ ಕೂಸು ಕಿರುಚಿ ಅತ್ತರೆ ಅದು ಹಟವಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ಹೆಚ್ಚಿನ ಸಲ ಕಿವಿ ನೋಯುತ್ತಿರುತ್ತದೆ. ಆಕಾಶದಲ್ಲಿರುವಾಗ ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು, ಅಂದರೆ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿರುವಷ್ಟು. ಕೆಳಗಿಳಿದಂತೆ ಒತ್ತಡ ಏರಿ ಕಿವಿತಮಟೆ ಒಳಕ್ಕೆ ಒತ್ತಿಕೊಳ್ಳುತ್ತದೆ. ದೊಡ್ಡವರು ಆಕಳಿಸಿ, ಉಗುಳು ನುಂಗಿ ಪಾರಾಗುತ್ತೇವೆ. ಮೂಗಿನ ಹಿಂದಿನಿಂದ ನಡುಗಿವಿಗೆ ಹೋಗುವ ಯೂಸ್ಟೇಚಿಯನ್ ನಾಳ ಕೂಸಿಗೆ ತೀರಾ ಕಿರಿದು. ಜೊತೆಗೆ, ನುಂಗು ಎಂದರೆ ಅದಕ್ಕೆ ತಿಳಿಯುವುದೂ ಇಲ್ಲ. ಎದೆಹಾಲು ಕುಡಿಸಿದರೆ ತಾನಾಗಿ ನುಂಗುತ್ತದೆ, ನಾಳ ತೆರೆಯುತ್ತದೆ. ಬಾಟಲಿಯಾದರೂ ಸರಿ. ಆದರೆ ಮೊದಲ ಪ್ರಯಾಣದ ಗಾಬರಿಯಲ್ಲಿ ವಿಮಾನ ಹತ್ತುವ ಮೊದಲೇ ಹೊಟ್ಟೆ ತುಂಬಿಸಿಬಿಟ್ಟರೆ, ಬೇಕಾದ ಹೊತ್ತಿಗೆ ಅದಕ್ಕೆ ಹಸಿವೇ ಇರುವುದಿಲ್ಲ. ಇಳಿಯುವ ಮುಂಚಿನ ಅರ್ಧ ಗಂಟೆಗೆಂದೇ ಒಂದು ಹೊತ್ತಿನ ಹಾಲು ಉಳಿಸಿಕೊಳ್ಳಬೇಕು. ಮಲಗಿದ ಕೂಸನ್ನು ಎಬ್ಬಿಸಬಾರದು ಎನ್ನುವ ಅಜ್ಜಿಯರ ಮಾತನ್ನು ಇಲ್ಲಿ ಮಾತ್ರ ಮೀರುವುದೇ ಸರಿ, ಏಕೆಂದರೆ ನಿದ್ದೆಯಲ್ಲಿ ನುಂಗುವುದು ಕಡಿಮೆ. ಇಷ್ಟಾಗಿಯೂ ಅತ್ತರೆ ಅಳಲಿ. ಅಳುವಾಗಲೂ ಆ ನಾಳ ತೆರೆಯುತ್ತದೆ, ತಾಯಿ ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ. ನೆಗಡಿಯಿದ್ದರೆ ಮಾತ್ರ ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ. ಇನ್ನು ಪ್ರಯಾಣದ ಸಿದ್ಧತೆಯ ಮಾತು: ಎರಡು ವರ್ಷದೊಳಗಿನ ಕೂಸು ಮಡಿಲಲ್ಲೇ ಪ್ರಯಾಣಿಸಬಹುದು, ಜನನ ಪ್ರಮಾಣಪತ್ರ ಕೈಚೀಲದಲ್ಲಿರಲಿ. ದಾರಿಗೆ ಬೇಕಾಗುವಷ್ಟು ಹಾಲನ್ನು ತಪಾಸಣೆಯಲ್ಲಿ ಬಿಡುತ್ತಾರೆ. ಸೀಟು ಆರಿಸುವಾಗ ಕಿಟಕಿಯ ಬದಿಯದನ್ನೇ ಕೇಳಿ, ಹಾಲೂಡಿಸಲು ಮರೆ ಸಿಗುತ್ತದೆ.