ಬ್ಯಾಟರಿ ಸಂಶೋಧನೆ ಮತ್ತು ನಮ್ಮ ಕಣಿವೆಗಳು

ವಿದ್ಯುತ್ ವಾಹನಗಳು ಹೊಗೆ ಉಗುಳುವುದಿಲ್ಲವೆಂಬುದು ಸತ್ಯ. ಆದರೆ ಅವುಗಳ ಬ್ಯಾಟರಿಗೆ ಬೇಕಾದ ಲಿಥಿಯಂ, ನಿಕ್ಕಲ್, ಕೋಬಾಲ್ಟ್‌ಗಳನ್ನು ಯಾವುದೋ ನೆಲದ ಒಡಲನ್ನು ಬಗೆದೇ ತೆಗೆಯಬೇಕು. ಕುದುರೆಮುಖದ ಗಣಿಯನ್ನು ಕಂಡ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿ 2005ರ ಕೊನೆಗೆ ನಿಂತಿತು. ಅದಕ್ಕೂ ಮುನ್ನ ಭದ್ರೆಯ ನೀರು ವರ್ಷಾನುಗಟ್ಟಲೆ ಕೆಂಪಾಗಿ ಹರಿದಿತ್ತು.

ಕೇಂದ್ರ ಸರ್ಕಾರವು ಬ್ಯಾಟರಿ ಕೋಶಗಳ ತಯಾರಿಕೆಗೆ 2021ರಲ್ಲಿ 18,100 ಕೋಟಿ ರೂಪಾಯಿಗಳ ಪ್ರೋತ್ಸಾಹಧನವನ್ನು ಘೋಷಿಸಿತು. ನಮ್ಮ ಉಷ್ಣ ಹವೆಗೆ ಒಗ್ಗುವ ಬ್ಯಾಟರಿಗಳ ಸಂಶೋಧನೆಗೆ 2024ರಲ್ಲಿ ಪ್ರತ್ಯೇಕ ಯೋಜನೆಯೊಂದು ಆರಂಭವಾಯಿತು. 2025ರಲ್ಲಿ ಖನಿಜಗಳ ಶೋಧ, ಗಣಿಗಾರಿಕೆ, ಮರುಬಳಕೆಗಳಿಗಾಗಿ 16,300 ಕೋಟಿಯ ಮತ್ತೊಂದು ಯೋಜನೆಗೆ ಒಪ್ಪಿಗೆ ದೊರೆಯಿತು. ಸಂಶೋಧನೆಗೆ ಸಾರ್ವಜನಿಕ ಹಣ ದೊರೆಯುವುದನ್ನು ನಾವು ಸ್ವಾಗತಿಸುತ್ತೇವೆ. ಪ್ರಶ್ನೆಯಿರುವುದು ಆ ಹಣ ಹಿಡಿಯುವ ದಾರಿಯ ಬಗ್ಗೆ.

ಮಂಡ್ಯದ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇದೆಯೆಂಬ ಅಂದಾಜನ್ನು ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿತು. 2023ರಲ್ಲಿ ಜಮ್ಮುವಿನ ರಿಯಾಸಿ ಬೆಟ್ಟಗಳ ಸರದಿ ಬಂದಿತು. ಅಗೆಯುವುದೊಂದೇ ಮಾರ್ಗವಲ್ಲ. ಉಪ್ಪಿನಲ್ಲಿರುವ ಸೋಡಿಯಂನಿಂದ ಬ್ಯಾಟರಿ ಮಾಡುವ ಸಂಶೋಧನೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೇ ನಡೆದಿದೆ. ಇಂತಹ ಬ್ಯಾಟರಿ ತುಸು ಭಾರವಾದರೂ ಒಂದೆಡೆ ನಿಲ್ಲಿಸಿ ವಿದ್ಯುತ್ ಕೂಡಿಡಲು ಭಾರವೊಂದು ಅಡ್ಡಿಯಲ್ಲ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ.

ಈ ವಿಷಯ ನಮ್ಮ ಮನೆಬಾಗಿಲಿನದೂ ಹೌದು. ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ, ಬೇಡಿಕೆಯ ವೇಳೆ ಕೆಳಗೆ ಹರಿಸುವ 2,000 ಮೆಗಾವ್ಯಾಟ್ ಯೋಜನೆಯನ್ನು ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ ರೂಪಿಸಲಾಗಿದೆ. ಅದೂ ಒಂದು ಬ್ಯಾಟರಿಯೇ, ಶರಾವತಿಯ ಕಣಿವೆಯನ್ನು ಕೊರೆದು ಕಟ್ಟುವ ಬ್ಯಾಟರಿ. ಅಗ್ಗದ, ಬಾಳಿಕೆಯ ಬ್ಯಾಟರಿಗಳು ಸೌರವಿದ್ಯುತ್ ಸ್ಥಾವರಗಳ ಬಳಿಯೇ ನೆಲೆಗೊಂಡರೆ ಇಂತಹ ಯೋಜನೆಗಳ ಅನಿವಾರ್ಯತೆಯ ವಾದ ಸಡಿಲಗೊಳ್ಳುತ್ತದೆ.

ಆದ್ದರಿಂದ ಸರ್ಕಾರದ ಹಣ ಮೊದಲು ಸೋಡಿಯಂನಂತಹ ಸುಲಭ ವಸ್ತುಗಳ ಸಂಶೋಧನೆಗೆ ಮತ್ತು ಮರುಬಳಕೆಗೆ ಸಲ್ಲಲಿ. ಗಣಿಯ ಮಾತು ಕೊನೆಗಿರಲಿ, ಅದೂ ಗ್ರಾಮಸಭೆಯ ಒಪ್ಪಿಗೆಯೊಡನೆ. ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳು ಈ ಸಂಶೋಧನೆಯತ್ತ ಮುಖ ಮಾಡಲಿ. ಕಣಿವೆಯನ್ನು ಉಳಿಸುವ ಕೆಲಸ ಪ್ರಯೋಗಶಾಲೆಯಲ್ಲಿಯೂ ನಡೆಯಬೇಕಾಗಿದೆ.